ಕಾಜಕ್ಕ ಮನೆಯಲ್ಲೇ ಇರುತ್ತಾಳೆ

ನಮ್ಮ ಬೀದಿಯಲ್ಲಿ ಯಾರ ಮನೆಗೆ ಪಾರ್ಸೆಲ್ ಬಂದರೂ ತಂದವನು ಅವರ ಬೆಲ್ ಒತ್ತುವ ಗೋಜಿಗೇ ಹೋಗುತ್ತಿರಲಿಲ್ಲ. ನೇರ ಕಾಜಕ್ಕನ ಮನೆಗೆ ಕೊಟ್ಟು ಹೋಗುತ್ತಿದ್ದ. ಶಾಲೆ ಬೇಗ ಬಿಟ್ಟರೆ ಮಕ್ಕಳು ಅಲ್ಲಿ ಕೂರುತ್ತಿದ್ದವು. ಗ್ಯಾಸಿನವನು ಅರ್ಧ ಬೀದಿಯ ಸಿಲಿಂಡರುಗಳನ್ನು ಅವಳ ಹೊಸ್ತಿಲ ಪಕ್ಕ ಸಾಲಾಗಿ ನಿಲ್ಲಿಸುತ್ತಿದ್ದ. ಹೊಸದಾಗಿ ಬಾಡಿಗೆಗೆ ಬಂದವರಿಗೆ ನಲ್ಲಿಯಲ್ಲಿ ನೀರು ಬರುವ ಹೊತ್ತು ಹೇಳುವುದಕ್ಕೂ ಮೊದಲು ಜನ ಹೇಳುತ್ತಿದ್ದ ಮಾತು ಇದು: "ಏನೇ ಇದ್ರೂ ಅಲ್ಲಿ ಕೊಟ್ಟಿರಿ, ಕಾಜಕ್ಕ ಮನೇಲೇ ಇರ್ತಾಳೆ."

ಯಾಕೆ ಮನೆಯಲ್ಲೇ ಇರುತ್ತಾಳೆ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಕೆಲಸಕ್ಕೆ ಬರುವ ದುಃಖವನ್ನು ನಾವು ಕೆದಕಲು ಹೋಗುವುದಿಲ್ಲ. ನಾನೂ ಅವರಲ್ಲಿ ಒಬ್ಬಳೇ, ದೊಡ್ಡ ಮಾತು ಬೇಡ. ನಾನು ಎದುರಿನ ಹಿಟ್ಟಿನ ಗಿರಣಿಯವಳು. ಸೊಸೆಯಾಗಿ ಬಂದ ವರ್ಷವೇ ನಮ್ಮತ್ತೆ ಗಿರಣಿಯ ಸ್ವಿಚ್ಚನ್ನು ನನಗೆ ಒಪ್ಪಿಸಿ ತಾನು ಹೊರಗೆ ಕುರ್ಚಿ ಹಾಕಿಕೊಂಡು ಕೂತಳು. ಅಂದಿನಿಂದ ನನ್ನ ರೆಪ್ಪೆ ಬೆಳ್ಳಗೆ, ಗಂಟಲು ದೊಡ್ಡದು. ಗಿರಣಿ ನಿಂತಿದ್ದರೂ ಕಿರುಚಿಯೇ ಮಾತಾಡುತ್ತೀಯ ಎಂದು ಗಂಡ ದೂರುತ್ತಾನೆ. ಇಂಥ ಬಾಯಿಬಡುಕಿಯ ಎದುರು ಮನೆಗೆ ದೇವರು ಆ ಮೂಗಬಸವಿಯನ್ನು ತಂದು ಇಟ್ಟಿದ್ದ. ನಡುವೆ ಇದ್ದದ್ದು ಎರಡು ಸೈಕಲ್ ಒಟ್ಟಿಗೆ ಹೋಗುವಷ್ಟು ಅಗಲದ ಬೀದಿ. ನಾನು ಕೂತಲ್ಲಿಂದ ಅವಳ ಬಾಗಿಲು, ಬಾಗಿಲ ಹಿಂದಿನ ಮೋಟು ಸ್ಟೂಲು, ಸ್ಟೂಲಿನ ಮೇಲೆ ತಲೆ ಬಗ್ಗಿಸಿ ಕೂತ ಅವಳು, ಎಲ್ಲ ಕಾಣುತ್ತಿತ್ತು.

ಅಂಗಿಯಲ್ಲಿ ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜಾ ಅನ್ನುತ್ತಾರೆ. ಆ ತೂತಿನ ಅಂಚಿಗೆ ಒತ್ತಾಗಿ ಹೊಲಿಗೆ ಹಾಕುವುದು, ಗುಂಡಿ ಕೂರಿಸುವುದು, ಇದಿಷ್ಟೇ ಅವಳ ಕಸುಬು. ಸುತ್ತಲಿನ ಅಂಗಡಿಗಳಿಂದ ಅಂಗಿಗಳ ಗಂಟು ಬರುತ್ತಿತ್ತು, ಸಂಜೆಗೆ ಮಡಿಸಿಟ್ಟ ಅಂಗಿಗಳು ಹೋಗುತ್ತಿದ್ದವು. ಯಂತ್ರದ ಕಾಜಾ ಎರಡು ಸಲ ಒಗೆದರೆ ಬಾಯಿ ಬಿಡುತ್ತದೆ; ಅವಳದು ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಹಾಗೇ ಇರುತ್ತಿತ್ತು. ಒಂದೇ ಕೊರತೆ ಎಂದರೆ ದಾರ. ದಾರ ಕೊಳ್ಳಲು ಅವಳು ಪೇಟೆಗೆ ಹೋಗುವಂತಿರಲಿಲ್ಲ, ನಮ್ಮ ಯಾರ ಕೈಯಲ್ಲಾದರೂ ತರಿಸುತ್ತಿದ್ದಳು. ತಿಳಿನೀಲಿ ಎಂದರೆ ನಾನು ಬೂದು ತರುತ್ತಿದ್ದೆ, ನನ್ನ ಗಂಡ ಹಸಿರು ತರುತ್ತಿದ್ದ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ ಬಿಡು, ನಡೆಯುತ್ತೆ" ಅನ್ನುತ್ತಿದ್ದಳು. ಆ 'ಪರವಾಗಿಲ್ಲ' ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಅವಳಿಗೊಬ್ಬ ಅಣ್ಣ ಇದ್ದ. ನಾನು ಈ ಬೀದಿಗೆ ಬರುವುದಕ್ಕೆ ಮೊದಲೇ ಅವನು ಕಾಣೆಯಾಗಿದ್ದ, ಹಾಗಾಗಿ ಅವನನ್ನು ನಾನು ಕಂಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ಟಯರ್ ಅಂಗಡಿಯಲ್ಲಿ ಕೆಲಸ. ಒಂದು ಭಾನುವಾರ ಬೆಳಿಗ್ಗೆ ತಿಂಡಿ ತಿಂದು, "ಕಟಿಂಗ್ ಮಾಡಿಸ್ಕೊಂಡು ಬರ್ತೀನಿ, ನೀರು ಕಾಯ್ಸಿಡಮ್ಮ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಕ್ಷೌರದಂಗಡಿ ಇರುವುದು ಬೀದಿ ತಿರುಗಿದ ಕೂಡಲೇ. ಅಲ್ಲಿಗೆ ಅವನು ಹೋಗಲೇ ಇಲ್ಲ. ಜಗಳವಿಲ್ಲ, ಹುಡುಗಿಯ ವಿಷಯವಿಲ್ಲ, ಬಟ್ಟೆಬರೆ ಒಯ್ದಿಲ್ಲ. ಪೊಲೀಸರು ಬಂದು ಮೊದಲು ಅವನ ಮನೆಯವರನ್ನೇ ಗದರಿಸಿ, ಆಮೇಲೆ ಫೋಟೋ ತೆಗೆದುಕೊಂಡು ಹೋದರು. ಕ್ಷೌರದವನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದರು. ಬಾರದ ಗಿರಾಕಿಗಾಗಿ ಲಾಠಿ ತಿಂದವನು ಲೋಕದಲ್ಲಿ ನಾನೊಬ್ಬನೇ ಎಂದು ಅವನು ಈಗಲೂ ಹೇಳಿಕೊಳ್ಳುತ್ತಾನೆ. ಬೀದಿಯ ಪಡ್ಡೆಗಳು ಯಾರಾದರೂ ತಡವಾಗಿ ಬಂದರೆ "ಕಟಿಂಗಿಗೆ ಹೋಗಿದ್ದಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡವು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು.

ಕಾಜಕ್ಕನಿಗೆ ಆಗ ರೆಡಿಮೇಡ್ ಅಂಗಿಗಳ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತಿದ್ದಳು, ಸಂಜೆ ಗೆಳತಿಯರ ಜೊತೆ ನಗುತ್ತ ಬರುತ್ತಿದ್ದಳು. ಹೌದು, ನಗುತ್ತಿದ್ದಳು, ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕಿವಿಯಾರೆ ಕೇಳಿದ್ದೇನೆ. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಆ ಮನೆಯಲ್ಲೊಂದು ಕಟ್ಟಳೆ ಶುರುವಾಯಿತು. ಮನೆಗೆ ಬೀಗ ಹಾಕಬಾರದು. ಯಾರಾದರೊಬ್ಬರು ಸದಾ ಒಳಗಿರಬೇಕು. ಅವಳ ಅಪ್ಪ ಸ್ಕ್ರೂಡ್ರೈವರ್ ತಂದು ಬಾಗಿಲಿಂದ ಬೀಗದ ಕೊಂಡಿಯನ್ನೇ ಬಿಚ್ಚಿ ಗುಜರಿಯವನಿಗೆ ಕೊಟ್ಟುಬಿಟ್ಟರು. ಸ್ಕ್ರೂ ಇದ್ದ ಜಾಗದಲ್ಲಿ ತೂತುಗಳು ಉಳಿದವು. ಮಗ ಬಂದಾಗ ಬಾಗಿಲು ತೆರೆದಿರಬೇಕು ಎಂಬ ಹೆತ್ತವರ ಆಸೆ ಎಂದು ನಾವೆಲ್ಲ ಅಂದುಕೊಂಡೆವು. ಸರಿ, ಹೆತ್ತ ಹೊಟ್ಟೆ, ಕೆಲವು ತಿಂಗಳು ಹೀಗಿದ್ದು ತಣ್ಣಗಾಗುತ್ತದೆ ಎಂದಳು ನಮ್ಮತ್ತೆ.

ತಣ್ಣಗಾಗಲಿಲ್ಲ. ಮೊದಮೊದಲು ಅವಳ ಅಮ್ಮನೇ ಕಾವಲು. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಮಂಡಿ ಹಿಡಿಯಿತು, ಕಿವಿ ಮಂದವಾಯಿತು. ಬಾಗಿಲು ತಟ್ಟಿದರೆ ಕೇಳಿಸದು, ಕೇಳಿಸಿದರೂ ಏಳಲಾಗದು. ಅಂಥವಳು ಒಳಗಿದ್ದರೂ ಮನೆ ಖಾಲಿ ಇದ್ದ ಲೆಕ್ಕವೇ. ಹಾಗಾಗಿ ಮಗಳು ಕಾರ್ಖಾನೆ ಬಿಟ್ಟು ಬಾಗಿಲ ಹಿಂದಿನ ಸ್ಟೂಲಿನ ಮೇಲೆ ಕೂತಳು. ಅಷ್ಟರಲ್ಲಿ ಅವಳಿಗೊಂದು ಗಂಡೂ ಬಂದಿತ್ತು. ಅದೇ ಕಾರ್ಖಾನೆಯ ಕಟಿಂಗ್ ಮಾಸ್ಟರು, ಬಟ್ಟೆಗೆ ಕತ್ತರಿ ಹಾಕುವವನು. ಮೆತ್ತಗಿನ ಮನುಷ್ಯ, ಮಾತಾಡುವಾಗ ಎದುರಿನವರ ಕಾಲರ್ ನೋಡುತ್ತಿದ್ದ. ಅವನ ಅಕ್ಕ ಬಂದು ಕೇಳಿದಾಗ ಅಮ್ಮ ಹಾಕಿದ್ದು ಒಂದೇ ಷರತ್ತು: ಮದುವೆಯಾದರೆ ಇದೇ ಮನೆಯಲ್ಲಿ ಇರಬೇಕು. ಅವನು ಅದಕ್ಕೂ ಒಪ್ಪಿದ. ಮನೆ ಅಳಿಯನಾಗಿ ಬರುತ್ತೇನೆ ಎಂದ ಗಂಡಸನ್ನು ನಮ್ಮ ಬೀದಿ ಕಂಡದ್ದು ಅದೇ ಮೊದಲು.

"ಅದಾಯ್ತು," ಎಂದಳು ಅಮ್ಮ. "ನಾಳೆ ಹೆರಿಗೆ ಅಂತ ಇವಳು ಆಸ್ಪತ್ರೆಗೆ ಹೋಗ್ತಾಳೆ, ನೀವು ಜೊತೆಗೆ ಹೋಗ್ತೀರಿ. ಆಗ ಮನೇಲಿ ಯಾರಿರ್ತಾರೆ?"

ಇಂಥ ಪ್ರಶ್ನೆಗೆ ಯಾವ ಗಂಡು ಉತ್ತರ ಕೊಟ್ಟಾನು. ಆದರೂ ಅವನು ಎರಡು ವರ್ಷ ಕಾದ. ಆಮೇಲೆ ಅವನ ಮನೆಯವರು ಬೇರೆ ಕಡೆ ಮಾಡಿದರು. ಅವನು ಸ್ವಂತ ಅಂಗಡಿ ಇಟ್ಟ, ಎರಡು ಮಕ್ಕಳಾದವು, ತಲೆ ಬೋಳಾಯಿತು. ಅಂಗಿಗಳನ್ನು ಮಾತ್ರ ಕಾಜಾ ಹಾಕಲು ಇಲ್ಲಿಗೇ ಕಳಿಸುತ್ತಿದ್ದ. ಪಕ್ಕದ ಅಂಗಡಿಯಲ್ಲೇ ಯಂತ್ರವಿದ್ದರೂ ಎರಡು ಬಸ್ಸು ಬದಲಿಸಿ ಇಲ್ಲಿಗೆ ಕಳಿಸುತ್ತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಹೇಳಿದರೆ ಕಾಜಕ್ಕ, "ಅವರ ಅಂಗೀಲಿ ಕತ್ತರಿ ಕೆಲಸ ಚೆನ್ನಾಗಿರುತ್ತೆ, ಕಾಜಾ ಹಾಕೋಕೆ ಸುಲಭ" ಎಂದಳು. ಅಷ್ಟು ಬಿಟ್ಟರೆ ಆ ವಿಷಯ ಅವಳ ಬಾಯಲ್ಲಿ ಬರಲಿಲ್ಲ.

ಅವಳಿಗೆ ಹೊರಗೆ ಹೋಗಲೇಬೇಕಾದಾಗ ನಾನು ಹೋಗಿ ಕೂರುತ್ತಿದ್ದೆ. ಅದಕ್ಕೂ ನಿಯಮಗಳು. ಒಳಮನೆಯಲ್ಲಿ ಕೂರಬಾರದು, ಸ್ಟೂಲಿನ ಮೇಲೇ ಕೂರಬೇಕು. ಬಾಗಿಲು ಅರ್ಧ ತೆರೆದಿರಬೇಕು. ಯಾರಾದರೂ ಗಡ್ಡದವರು ಬಂದರೆ ಮುಖ ನೋಡುವ ಮೊದಲೇ "ಒಳಗೆ ಬಾ" ಅನ್ನಬೇಕು. ಹೀಗಾಗಿ ನಾನು ಒಂದು ಸಲ ಕರೆಂಟ್ ಬಿಲ್ಲಿನವನನ್ನೂ ಒಂದು ಸಲ ದಾರಿ ತಪ್ಪಿದ ಕುಡುಕನನ್ನೂ ಒಳಗೆ ಕರೆದು ಕೂರಿಸಿದ್ದೇನೆ. ಕುಡುಕ ಹೋಗಲೊಪ್ಪದೆ ನನ್ನ ಗಂಡ ಬರಬೇಕಾಯಿತು. ಹಲ್ಲು ನೋವು ಬಂದು ದವಡೆ ಬದನೆಕಾಯಿಯಾದಾಗಲೂ ಕಾಜಕ್ಕ ಮೂರು ದಿನ ನನಗೆ ಹೇಳಲಿಲ್ಲ, ಗಿರಣಿಯಲ್ಲಿ ಜನ ಇದ್ದರು ಎಂದು. ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಗಡಿಯಾರ ನೋಡುತ್ತಿದ್ದಳಂತೆ.

ಒಂದು ವರ್ಷ ನೀರಿನ ದೊಡ್ಡ ಕೊಳವೆ ಒಡೆದು ಬೀದಿಯೆಲ್ಲ ಮುಳುಗಿತು. ಎಲ್ಲರೂ ಶಾಲೆಯ ಮಾಳಿಗೆಗೆ ಹೋದೆವು. ತಲೆ ಎಣಿಸಿದರೆ ಇವರಿಬ್ಬರಿಲ್ಲ. ನಾನು ಮೊಣಕಾಲುದ್ದ ನೀರಲ್ಲಿ ಬಟ್ಟೆ ಎತ್ತಿ ಕಟ್ಟಿಕೊಂಡು ವಾಪಸು ಹೋದೆ. ಅಮ್ಮನನ್ನು ಮೇಜಿನ ಮೇಲೆ ಕೂರಿಸಿದ್ದಳು, ತಾನು ಸ್ಟೂಲಿನ ಮೇಲೆ ಕಾಲು ಮಡಿಸಿಕೊಂಡು ಅಂಗಿಗಳ ಗಂಟನ್ನು ತಲೆ ಮೇಲೆ ಹಿಡಿದು ಕೂತಿದ್ದಳು. ಬಾಗಿಲು ಅರ್ಧ ತೆರೆದೇ ಇತ್ತು, ನೀರು ತನ್ನ ಮನೆಯೆಂಬಂತೆ ಒಳಗೆ ಹೊರಗೆ ಓಡಾಡುತ್ತಿತ್ತು.

"ಈ ನೀರಲ್ಲಿ ಯಾವ ಅಣ್ಣ ಬರ್ತಾನೆ?" ಎಂದು ಕಿರುಚಿದೆ.

"ಬರಲ್ಲ ಅಂತ ಹೇಗೆ ಹೇಳ್ತೀಯ?" ಎಂದಳು.

"ಹದಿನೈದು ವರ್ಷದಿಂದ ಬಾರದವನು ಇವತ್ತು ಈಜಿಕೊಂಡು ಬರ್ತಾನಾ?"

ಅವಳ ಅಮ್ಮ ಮೇಜಿನ ಮೇಲಿಂದ, "ಅವನಿಗೆ ಈಜು ಬರುತ್ತೆ" ಎಂದಳು. ಆ ಕಿವುಡಿಗೆ ಅದೊಂದು ಮಾತು ಹೇಗೆ ಕೇಳಿಸಿತೋ. ನಾನು ಅವರಿಗಿಷ್ಟು ಬ್ರೆಡ್ಡು ಕೊಟ್ಟು ಬೈದುಕೊಳ್ಳುತ್ತ ಬಂದೆ.

ಹೋದ ವರ್ಷ ಅಮ್ಮ ತೀರಿಕೊಂಡಳು. ಗಾಡಿ ಬಂತು, ಬೀದಿಯ ಹೆಂಗಸರೂ ಗಂಡಸರೂ ಹೊರಟೆವು. ಕಾಜಕ್ಕ ಅಮ್ಮನ ಪಾದ ಮುಟ್ಟಿದಳು, ಕೂದಲು ಸರಿಮಾಡಿದಳು, ಹೊಸ್ತಿಲವರೆಗೆ ಬಂದಳು. ಅಲ್ಲೇ ನಿಂತಳು. ನಾನು ಕೈ ಹಿಡಿದು ಎಳೆದೆ. ಅವಳು ಕೈ ಬಿಡಿಸಿಕೊಂಡು, "ನೀವೆಲ್ಲ ಹೋದ್ರೆ ಬೀದೀಲಿ ಯಾರಿರ್ತಾರೆ? ಕೂರೋಕೆ ಯಾರೂ ಇಲ್ವಲ್ಲ" ಎಂದಳು. ಹೆತ್ತ ತಾಯಿಯ ಮಣ್ಣಿಗೆ ಮಗಳು ಬರಲಿಲ್ಲ. ಅವತ್ತು ನನಗೆ ಅವಳ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ವಾಪಸು ಬಂದವಳೇ ಕಾಲು ಕೂಡ ತೊಳೆಯದೆ ಅವಳ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಇನ್ಯಾರಿಗೆ ಹೆದರುತ್ತೀಯ, ಕಟ್ಟಿದವಳೇ ಹೋದ ಮೇಲೆ ಈ ಕಟ್ಟಳೆ ಯಾರಿಗೆ, ನಿನ್ನಣ್ಣ ಎಲ್ಲೋ ಹೆಂಡತಿ ಮಕ್ಕಳ ಜೊತೆ ಹಾಯಾಗಿದ್ದಾನೋ, ಮಣ್ಣಾಗಿದ್ದಾನೋ, ಅವನಿಗಾಗಿ ನೀನು ಬದುಕಿಯೂ ಸತ್ತ ಹಾಗೆ ಕೂತಿದ್ದೀಯ ಎಂದೆ.

ಅವಳು ನನಗೆ ನೀರು ತಂದುಕೊಟ್ಟಳು. ನಾನು ಕುಡಿಯುವವರೆಗೆ ಕಾದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದಳು: "ಅವನು ಒಂದ್ಸಲ ಬಂದಿದ್ದ."

ನಾನು ಲೋಟ ಕೆಳಗಿಟ್ಟು ಅವಳ ಪಕ್ಕ ಕೂತೆ.

ಅಣ್ಣ ಹೋದ ಎರಡನೇ ವರ್ಷ ದೂರದ ಊರಿನ ಆಸ್ಪತ್ರೆಯಿಂದ ಪೊಲೀಸರಿಗೆ ಸುದ್ದಿ ಬಂತಂತೆ, ನೆನಪು ಹೋದ ಹುಡುಗನೊಬ್ಬ ಇದ್ದಾನೆ, ಬಂದು ನೋಡಿ ಎಂದು. ಅಮ್ಮ ಹಟ ಹಿಡಿದಳು, ಅಪ್ಪನಿಗೆ ಒಬ್ಬರೇ ಅಮ್ಮನನ್ನು ಸಂಭಾಳಿಸುವ ಧೈರ್ಯವಿರಲಿಲ್ಲ, ಹಾಗಾಗಿ ಮೂವರೂ ಮನೆಗೆ ಬೀಗ ಹಾಕಿ ಹೋದರು. ಅವನು ಬೇರೆ ಯಾರದೋ ಮಗ. ಮಾರನೆಯ ಸಂಜೆ ಸೋತು ಬಂದರೆ ಪಕ್ಕದ ಮನೆಯ ಗಡಿಯಾರದ ತಾತ ಗೋಡೆಯ ಮೇಲಿಂದ ಕರೆದ. ನಿನ್ನೆ ಮಧ್ಯಾಹ್ನ ಒಬ್ಬ ಹುಡುಗ ಬಂದಿದ್ದ, ಬೀಗವನ್ನು ಎರಡು ಸಲ ಅಲ್ಲಾಡಿಸಿ ನೋಡಿದ, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಬಸ್ ನಿಲ್ದಾಣದ ಕಡೆ ಹೋದ ಎಂದ.

ಆ ವಾರ ನಾವು ಗಿರಣಿ ಮುಚ್ಚಿ ಊರಿಗೆ ಹೋಗಿದ್ದೆವು, ಹಾಗಾಗಿ ಅದನ್ನು ನಾನು ನೋಡಿಲ್ಲ; ಆದರೆ ಆ ತಾತನನ್ನು ಕಂಡಿದ್ದೇನೆ. ಗಡಿಯಾರ ರಿಪೇರಿಯವನು. ಹಗಲೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮಾರುದೂರದ ಆಚೆಗೆ ಆನೆ ಬಂದರೂ ಕಾಣದವನು. ಅಮ್ಮ ಅವನನ್ನು ಕೇಳಿದಳಂತೆ: ಎತ್ತರ ಇದ್ನಾ? ಇದ್ದ ಅಂತ ಕಾಣುತ್ತೆ. ಗಡ್ಡ ಇತ್ತಾ? ಇತ್ತು. ಕೈಯಲ್ಲಿ ಚೀಲ? ಇತ್ತು. ತಲೆ ತಗ್ಗಿಸಿ ನಡೀತಿದ್ನಾ? ಹೂಂ, ತಗ್ಗಿಸೇ ಇದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ಕಟಿಂಗ್ ಮಾಡಿಸದೆ ಹೋದವನು, ಗಡ್ಡ ಬಿಟ್ಟಿರುವುದು ಸಹಜವೇ ತಾನೇ ಎಂದಳಂತೆ ಅಮ್ಮ. ನನ್ನ ಮಗ ಬಂದು, ಮನೆಗೆ ಬೀಗ ಬಿದ್ದದ್ದು ನೋಡಿ, ನಾವು ಅವನನ್ನು ಬಿಟ್ಟು ಹೋದೆವು ಅಂದುಕೊಂಡು ತಿರುಗಿ ಹೋದ ಎಂದು ಆ ಬೀಗಕ್ಕೇ ಹಣೆ ಚಚ್ಚಿಕೊಂಡಳಂತೆ.

"ಇದನ್ನ ಯಾಕೆ ಯಾರಿಗೂ ಹೇಳ್ಲಿಲ್ಲ?" ಎಂದೆ.

"ಅಪ್ಪ ಬೇಡ ಅಂದ್ರು. ಪೊಲೀಸ್ರಿಗೆ ಗೊತ್ತಾದ್ರೆ, ಬಂದು ಹೋದವನು ಕಳೆದುಹೋದವನಲ್ಲ, ಅವನಿಗೆ ದಾರಿ ಗೊತ್ತಿದೆ, ಮನಸ್ಸಿಲ್ಲ ಅಷ್ಟೆ ಅಂತ ಫೈಲ್ ಮುಚ್ಚಿಬಿಡ್ತಾರೆ. ಹುಡುಕೋದು ನಿಂತುಹೋಗುತ್ತೆ. ಅದಕ್ಕೆ ಮನೆ ಬಿಟ್ಟು ಈ ಮಾತು ಹೊರಗೆ ಹೋಗಬಾರ್ದು ಅಂತ ನಮ್ಮಿಬ್ಬರ ಹತ್ರಾನೂ ಆಣೆ ಹಾಕಿಸಿದ್ರು. ತಾತನ ಹತ್ರಾನೂ."

"ಹುಡುಕಿದ್ರಾ ಪೊಲೀಸ್ರು?"

"ಇಲ್ಲ."

ಆಗ ನನಗೆ ಅವಳು ಅರ್ಥವಾದಳು. ಅಲ್ಲಿಯವರೆಗೆ ಅವಳು ಸುಮ್ಮನೆ ಗಾಳಿಗೆ ಕಾಯುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ಕಾಯುತ್ತಿದ್ದದ್ದು ಒಮ್ಮೆ ಬಂದವನಿಗೆ. ಒಮ್ಮೆ ಬಂದವನು ಇನ್ನೊಮ್ಮೆ ಬರಬಹುದು. ಅಂಥವನ ಮುಂದೆ ಎರಡನೇ ಸಲ ಬಾಗಿಲು ಮುಚ್ಚುವುದಕ್ಕೆ ಯಾವ ತಂಗಿಗೆ ಕೈ ಬಂದೀತು. ನಾನು ಎದ್ದು ಬಂದೆ. ಗಿರಣಿಗೆ ಬಂದು ಯಾರದೋ ಗೋಧಿಯನ್ನು ಎರಡು ಸಲ ಬೀಸಿದೆ.

ಅಮ್ಮ ಹೋದ ಸುದ್ದಿ ಕಟಿಂಗ್ ಮಾಸ್ಟರಿಗೆ ತಡವಾಗಿ ತಿಳಿಯಿತು. ಕೆಲವು ದಿನದ ಮೇಲೆ ಒಂದು ಮಧ್ಯಾಹ್ನ ಅವನೇ ಬಂದ, ಕೈಯಲ್ಲಿ ಹಣ್ಣಿನ ಚೀಲ. ನಾನೂ ಅಲ್ಲೇ ಇದ್ದೆ. ಒಳಗೆ ಬನ್ನಿ ಎಂದರೂ ಬರದೆ ಹೊರಗಿನ ಮೆಟ್ಟಿಲ ಮೇಲೆ ಕೂತ. ಅವಳು ಒಳಗೆ ಸ್ಟೂಲಿನ ಮೇಲೆ, ಮಡಿಲಲ್ಲಿ ಅವನ ಅಂಗಡಿಯದೇ ಅಂಗಿ. ಅಮ್ಮನ ವಯಸ್ಸು, ಕಾಯಿಲೆ, ಕೊನೆಯ ದಿನ, ಎಲ್ಲ ವಿಚಾರಿಸಿದ. ಮಾತು ಮುಗಿಯಿತು. ಎದ್ದು ಹೋಗುವುದಕ್ಕೂ ಮನಸ್ಸಿಲ್ಲದೆ ಮೆಟ್ಟಿಲನ್ನು ಕೈಯಿಂದ ಸವರಿದ.

"ಈ ಮೆಟ್ಟಿಲ ಮೇಲೆ ನಾನು ಹೀಗೆ ಕೂರ್ತಿರೋದು ಎರಡನೇ ಸಲ," ಎಂದು ಸ್ವಲ್ಪ ನಕ್ಕ. "ನಿಮಗೆ ಗೊತ್ತಿಲ್ಲ. ನಮ್ಮಕ್ಕ ಬಂದು ಕೇಳೋಕೆ ಮುಂಚೆ ನಾನೇ ಒಂದ್ಸಲ ಬಂದಿದ್ದೆ. ಅವತ್ತು ನೀವು ಕೆಲಸಕ್ಕೆ ಬಂದಿರಲಿಲ್ಲ. ಮೈ ಸರಿಯಿಲ್ವೇನೋ, ಮನೇಲಿರ್ತೀರ, ಹಿರಿಯರ ಹತ್ರ ಮಾತಾಡಿಯೇ ಬಿಡೋಣ ಅಂತ ಧೈರ್ಯ ಮಾಡಿ ಬಂದೆ. ಬಂದು ನೋಡಿದ್ರೆ ಬೀಗ."

ಕಾಜಕ್ಕನ ಸೂಜಿ ಬಟ್ಟೆಯೊಳಗೆ ಅರ್ಧಕ್ಕೆ ನಿಂತಿತು.

"ಬರೀ ಸಿಕ್ಕಿಸಿದ್ದಾರೇನೋ ಅಂತ ಎರಡು ಸಲ ಅಲ್ಲಾಡ್ಸಿ ಕೂಡ ನೋಡ್ದೆ," ಎಂದ ಅವನು. "ಮೊದಲನೇ ಹೆಜ್ಜೇಲೇ ಬೀಗ ಅಂತ ಮನಸ್ಸಿಗೆ ಒಂಥರಾ ಆಯ್ತು. ಸ್ವಲ್ಪ ಹೊತ್ತು ಇಲ್ಲೇ ಕೂತಿದ್ದು ಹೋದೆ. ಹೇಳಿಕೊಳ್ಳೋಕೆ ನಾಚಿಕೆ, ಹೇಳ್ಲೇ ಇಲ್ಲ."

ಬೀದಿಯಲ್ಲಿ ಸೈಕಲ್ಲೊಂದು ಹೋಯಿತು.

"ಆಗ ನಿಮಗೆ ಗಡ್ಡ ಇತ್ತಲ್ವಾ?" ಎಂದು ಕೇಳಿದಳು ಕಾಜಕ್ಕ. ದನಿ ಎಂದಿನಂತೆಯೇ ಇತ್ತು.

"ಇತ್ತು. ಚರ್ಮಕ್ಕೆ ಏನೋ ಆಗಿ, ಬ್ಲೇಡ್ ಮುಟ್ಟಿಸಬೇಡಿ ಅಂದಿದ್ರು ಡಾಕ್ಟ್ರು. ನೆನಪಿದೆಯಾ ನಿಮಗೆ?"

"ಇದೆ. ಕೈಯಲ್ಲಿ ಚೀಲ?"

"ಹಣ್ಣು ತಂದಿದ್ದೆ. ವಾಪಸು ಹೋಗ್ತಾ ಬಸ್ಸಲ್ಲಿ ನಾನೇ ತಿಂದೆ."

ಅವಳು ಸೂಜಿಯನ್ನು ಎಳೆದು ಹೊಲಿಗೆ ಮುಗಿಸಿದಳು, ದಾರ ಹಲ್ಲಿಂದ ಕಡಿದಳು, ಅಂಗಿ ಮಡಿಸಿ ಅವನ ಕೈಗೆ ಕೊಟ್ಟಳು. "ನಾಲ್ಕನೇ ಗುಂಡಿ ಸ್ವಲ್ಪ ಸಡಿಲ ಇತ್ತು, ಬಿಗಿ ಮಾಡಿದ್ದೀನಿ" ಎಂದಳು. ಅವನು ತಲೆಯಾಡಿಸಿ, ಕೈಯಲ್ಲಿದ್ದ ಅಂಗಿಯ ಕಾಲರ್ ನೋಡುತ್ತ ಬರುತ್ತೇನೆ ಎಂದು ಹೇಳಿ ಹೋದ. ತಲೆ ತಗ್ಗಿಸಿಕೊಂಡೇ ಬಸ್ ನಿಲ್ದಾಣದ ಕಡೆ ನಡೆದ. ಅವನ ನಡಿಗೆಯೇ ಹಾಗೆ. ಇಷ್ಟು ವರ್ಷ ನೋಡಿದರೂ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈ ಮನೆಯಲ್ಲಿ ಆಡದೆ ಹೋಯಿತು. ಒಬ್ಬ ಅಪ್ಪ ಬುದ್ಧಿವಂತಿಕೆ ಮಾಡಿ ಬಾಯಿ ಕಟ್ಟಿಸದಿದ್ದರೆ, ಆ ವಾರವೇ ಕಾರ್ಖಾನೆಯಲ್ಲಿ ಅವಳು ಗೆಳತಿಯರ ಮುಂದೆ ನಮ್ಮಣ್ಣ ಬಂದಿದ್ದನಂತೆ ಎಂದು ಅತ್ತಿದ್ದರೆ, ಅವನ ಕಿವಿಗೆ ಬಿದ್ದು ಅಲ್ಲಿಗೆ ಮುಗಿಯುತ್ತಿತ್ತು. ಮದುವೆ ಕೇಳಲು ಬಂದವನ ಕೈಯೇ ಆ ಮದುವೆಗೆ ಬೀಗ ಜಡಿದಿತ್ತು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಸತ್ತ ತಾತನ ಮೇಲೂ. ಆದರೆ ಅದರ ಅಡಿಯಲ್ಲಿ ಒಂದು ಸಂತೋಷವೂ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳ ಪಕ್ಕ ಕುಕ್ಕರಿಸಿ ಕೂತು, "ಮುಗೀತು ಕಣೆ. ಅವನು ಬಂದೇ ಇರ್ಲಿಲ್ಲ. ಇನ್ನು ನೀನು ಯಾರಿಗೂ ಬಾಗಿಲು ಕಾಯ್ಬೇಕಾಗಿಲ್ಲ" ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

"ಇಷ್ಟು ವರ್ಷ ಅವನು ಎಲ್ಲೋ ಇದ್ದ," ಎಂದಳು. "ಸಿಟ್ಟು ಮಾಡ್ಕೊಂಡಿದ್ದ, ಆದ್ರೆ ಇದ್ದ. ಊಟ ಮಾಡ್ತಿದ್ದ, ಮಲಗ್ತಿದ್ದ, ನಮ್ಮನ್ನ ಬೈತಿದ್ದ. ಈಗ ನೀನು ಹೇಳ್ತಿದ್ದೀಯ, ಆ ಭಾನುವಾರ ಹೋದವನನ್ನ ಆಮೇಲೆ ಒಬ್ರೂ ನೋಡೇ ಇಲ್ಲ ಅಂತ. ಸಂತೋಷ ಪಡು ಅಂತೀಯಲ್ಲ."

ಅಮ್ಮ ಸತ್ತಾಗ ಅಳದವಳು ಆಗ ಅತ್ತಳು. ಬಾಗಿಲ ತೂತುಗಳಿರುವ ಕಡೆ ತಲೆಯಿಟ್ಟು, ಸತ್ತ ಮನೆಯಲ್ಲಿ ಅಳುವ ಹಾಗೆ ಗಟ್ಟಿಯಾಗಿ ಅತ್ತಳು. ಅವಳ ಅಣ್ಣ ಸತ್ತದ್ದು ಅವತ್ತು. ನಾನು ಗಿರಣಿ ನಿಲ್ಲಿಸಿ ಸಂಜೆಯವರೆಗೆ ಅವಳ ಜೊತೆ ಕೂತೆ. ಅತ್ತು ಮುಗಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಮಾಸ್ಟರಿಗೆ ಹೇಳ್ಬೇಡ. ಗೊತ್ತಾದ್ರೆ ಅವರೂ ನನ್ ಹಾಗೇ ಒಂದ್ಕಡೆ ಕೂತುಬಿಡ್ತಾರೆ."

ಹೇಳಿಲ್ಲ. ನನ್ನಂಥವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದೆಂದರೆ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಎರಡು ವಾರ ಅವಳು ಎಂದಿನಂತೆಯೇ ಸ್ಟೂಲಿನ ಮೇಲೆ ಕೂತಳು. ಆಮೇಲೆ ಒಂದು ಬೆಳಿಗ್ಗೆ ನನ್ನ ಗಂಡನನ್ನು ಕರೆದು ಬಾಗಿಲಿಗೆ ಕೊಂಡಿ ಹಾಕಿಸಿದಳು. ಹಳೆಯ ತೂತುಗಳು ಸವೆದು ಸ್ಕ್ರೂ ಹಿಡಿಯಲಿಲ್ಲ. ಒಂದಿಷ್ಟು ಮೇಲೆ ಹೊಸದಾಗಿ ಕೊರೆಯಬೇಕಾಯಿತು. ಬೀಗವನ್ನೂ ಅವನೇ ತಂದ. ಅವಳು ಕೈಚೀಲ ಹಿಡಿದು ಹೊರಗೆ ಬಂದು, ಬಾಗಿಲು ಎಳೆದು, ಬೀಗ ಒತ್ತಿದಳು. ಅದನ್ನು ಹಿಡಿದು ಅಲ್ಲಾಡಿಸಿದಳು. ಕಿವಿಗೊಟ್ಟು ಕೇಳಿ, ಇನ್ನೊಮ್ಮೆ ಅಲ್ಲಾಡಿಸಿದಳು. ಪಕ್ಕದ ಮನೆಗೆ ಕೇಳಿಸುವಷ್ಟು ಸದ್ದು ಬಂತು.

ಬೀದಿ ದಾಟಿ ನನ್ನ ಹತ್ತಿರ ಬಂದಳು. "ದಾರ ತರೋಕೆ ಪೇಟೆಗೆ ಹೋಗ್ತಿದ್ದೀನಿ. ತಿಳಿನೀಲಿ ಅಂದ್ರೆ ಏನು ಅಂತ ನೀವು ಯಾರೂ ಕಲೀಲಿಲ್ಲ," ಎಂದಳು. ಎಷ್ಟೋ ಕಾಲದ ಮೇಲೆ ಅವಳ ಬಾಯಿಂದ ತಮಾಷೆ ಬಂದಿತ್ತು. ಆಮೇಲೆ ಒಂದು ಕೀಲಿ ನನ್ನ ಕೈಯಲ್ಲಿಟ್ಟಳು. "ಬೀಗಕ್ಕೆ ಎರಡು ಕೀಲಿ ಕೊಟ್ಟಿದ್ದಾನೆ. ಒಂದು ನಿನ್ ಹತ್ರ ಇರ್ಲಿ."

"ನಿಂದು ಕಳೆದ್ರೆ ಅಂತನಾ?"

"ಯಾರಾದ್ರೂ ಬಂದ್ರೆ."

"ಯಾರೂ ಬರಲ್ಲ ಅಂತ ನಿನಗೇ ಗೊತ್ತಾಯ್ತಲ್ಲ."

"ಗೊತ್ತಾಯ್ತು," ಎಂದಳು. "ಆದ್ರೂ ಇರ್ಲಿ. ನೀನು ಹೇಗೂ ಇಲ್ಲೇ ಇರ್ತೀಯಲ್ಲ."

ಅವಳು ಬೀದಿಯ ತಿರುವಿನಲ್ಲಿ ಕ್ಷೌರದಂಗಡಿಯ ಮುಂದೆ ಒಂದು ಗಳಿಗೆ ನಿಂತು, ಮರೆಯಾದಳು. ಮಧ್ಯಾಹ್ನವಾಯಿತು, ಬರಲಿಲ್ಲ. ದಾರದಂಗಡಿಗೆ ಇಷ್ಟು ಹೊತ್ತೇ ಎಂದು ನಾನು ಎರಡು ಸಲ ತಿರುವಿನ ಕಡೆ ಹೊರಟೆ. ಎರಡನೇ ಸಲ ಅರ್ಧ ದಾರಿಯಲ್ಲಿ ಕೀಲಿಯ ನೆನಪಾಗಿ ಓಡಿ ಬಂದೆ. ಕಟಿಂಗಿಗೆ ಹೋದವನ ತಂಗಿ ದಾರಕ್ಕೆ ಹೋದವಳು ಎಂದು ಒಳಗೊಂದು ದನಿ ಹೇಳುತ್ತಿತ್ತು. ಆ ದನಿಗೆ ಬಾಯಿ ಮುಚ್ಚು ಎಂದು ಗಟ್ಟಿಯಾಗಿಯೇ ಬೈದೆ, ಹಿಟ್ಟಿಗೆ ಬಂದವರು ಬೆದರಿದರು. ಒಂದೇ ದಿನ ಕಾದೆ ನಾನು. ಒಂದೇ ಮಧ್ಯಾಹ್ನ. ಅಷ್ಟಕ್ಕೇ ತಟ್ಟೆಯ ಅನ್ನ ತಟ್ಟೆಯಲ್ಲೇ ಉಳಿಯಿತು.

ಬೀದಿ ದೀಪ ಹತ್ತುವ ಹೊತ್ತಿಗೆ ಬಂದಳು. ಬಸ್ಸು ಹತ್ತಿ, ಇಳಿಯಲು ಮನಸ್ಸಾಗದೆ ಕೊನೆಯ ನಿಲ್ದಾಣದವರೆಗೂ ಹೋಗಿ, ಅದೇ ಬಸ್ಸಲ್ಲಿ ವಾಪಸು ಬಂದಳಂತೆ, ಮತ್ತೆ ಹೋದಳಂತೆ. ಕಾಲು ಊದಿತ್ತು. ಚೀಲದ ತುಂಬ ದಾರದ ಉಂಡೆಗಳು, ನನಗೆ ಹೆಸರೂ ಗೊತ್ತಿಲ್ಲದ ಬಣ್ಣಗಳು. "ಯಾರಾದ್ರೂ ಬಂದಿದ್ರಾ?" ಎಂದು ಕೇಳಿದಳು. ಇಲ್ಲ ಎಂದೆ. ತನ್ನ ಕೀಲಿಯಿಂದ ಬೀಗ ತೆಗೆದು ಒಳಗೆ ಹೋದಳು.

ಈಗ ಅವಳು ದಿನಾ ಬೆಳಿಗ್ಗೆ ಪೇಟೆಯ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಡಬ್ಬಿ ಹಿಡಿದು. ನಾನೇ ಇಷ್ಟು ವರ್ಷ ಬೈದು ಬೈದು ಬಯಸಿದ್ದು ಇದನ್ನೇ. ಕಳೆದ ತಿಂಗಳು ನನ್ನ ನಾದಿನಿಯ ಮಗಳ ಮದುವೆ, ಮೂರು ದಿನ ಮೊದಲೇ ಎಲ್ಲರೂ ಹೊರಡಬೇಕೆಂದು ಗಂಡ ಚೀಲ ಕಟ್ಟಿದ. "ನೀವು ಹೋಗಿ ಬನ್ನಿ. ಇಲ್ಲಿ ಯಾರಾದ್ರೂ ಒಬ್ರು ಇರ್ಬೇಕಲ್ಲ," ಎಂದೆ. ಅವನು ನನ್ನ ಮುಖ ನೋಡಿದ. ನಾನೂ ನನ್ನ ಮಾತನ್ನು ಕೇಳಿಸಿಕೊಂಡೆ, ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪಾರ್ಸೆಲ್‌ನವನು ಈಗ ಎಲ್ಲರದ್ದನ್ನೂ ಗಿರಣಿಯಲ್ಲಿ ಕೊಟ್ಟು ಹೋಗುತ್ತಾನೆ. ಆ ಕೀಲಿ ಸ್ವಿಚ್ಚಿನ ಪಕ್ಕದ ಮೊಳೆಯಲ್ಲಿದೆ. ಹಿಟ್ಟು ಕೂತು ಬೆಳ್ಳಗಾಗುತ್ತದೆ, ದಿನಾ ಒರೆಸಿಡುತ್ತೇನೆ.